ಮಂತ್ರಿಗಳೇ ತುಂಬಿದ ಶಾಲಾ ಸಂಸತ್ತು

ಶಾಲೆ ಶುರುವಾಗಿ ತಿಂಗಳೊಪ್ಪತ್ತಿನಲ್ಲಿ ಕರ್ನಾಟಕದ ಬಹುಪಾಲು ಪ್ರಾಥಮಿಕ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ನಾಮಪತ್ರ, ಚಿಹ್ನೆ, ಪ್ರಚಾರ, ಮತಗಟ್ಟೆ ಅಧಿಕಾರಿಗಳಾಗಿ ಕುಳಿತ ಏಳನೆಯ ತರಗತಿಯವರು, ಎಡಗೈ ಬೆರಳಿಗೆ ಶಾಯಿ, ಈಚೆಗೆ ಮೊಬೈಲಿನ ಆ್ಯಪ್ ಒಂದನ್ನೇ ಮತಯಂತ್ರ ಮಾಡಿಕೊಳ್ಳುವ ಜಾಣತನ, ಎಲ್ಲವೂ ಇರುತ್ತವೆ. ಫಲಿತಾಂಶದ ಮಾರನೆಯ ದಿನ ಪ್ರಾರ್ಥನೆಯ ಹೊತ್ತಿಗೆ ಪ್ರಮಾಣವಚನ. ಪ್ರಧಾನಮಂತ್ರಿ, ಶಿಕ್ಷಣ ಮಂತ್ರಿ, ಆರೋಗ್ಯ ಮಂತ್ರಿ, ಸ್ವಚ್ಛತಾ ಮಂತ್ರಿ, ಆಹಾರ ಮಂತ್ರಿ, ಕ್ರೀಡಾ ಮಂತ್ರಿ, ತೋಟದ ಗಿಡಗಳಿಗೆ ನೀರು ಬಿಡಲು ನೀರಾವರಿ ಮಂತ್ರಿ. ಒಬ್ಬಿಬ್ಬರು ಸೋತವರಿಗೆ ಬೇಸರವಾಗದಿರಲೆಂದು ವಿರೋಧ ಪಕ್ಷದ ನಾಯಕನ ಪಟ್ಟವೂ ಸಿಗುವುದುಂಟು. ಕಾರ್ಯಕ್ರಮ ಚೆಂದವಾಗಿಯೇ ಇರುತ್ತದೆ. ಶಿಕ್ಷಕರು ಪಡುವ ಶ್ರಮವನ್ನು ಹಗುರಾಗಿ ಕಾಣಬೇಕಾಗಿಲ್ಲ. ಆದರೆ ಆ ಪಟ್ಟಿಯ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ವಿರೋಧ ಪಕ್ಷದ ಆ ಒಂದು ಪಟ್ಟ ಬಿಟ್ಟರೆ ಅಲ್ಲಿರುವವರೆಲ್ಲ ಮಂತ್ರಿಗಳೇ. ಆ ಸಂಸತ್ತು ವರ್ಷವಿಡೀ ಒಂದು ನಿಯಮವನ್ನೂ ಮಾಡುವುದಿಲ್ಲ, ಯಾವ ಮಂತ್ರಿಗೂ ಯಾರೂ ಪ್ರಶ್ನೆ ಕೇಳುವುದಿಲ್ಲ. ಇಬ್ಬರು ಮಕ್ಕಳ ನಡುವೆ ತಕರಾರು ಬಂದರೆ ತೀರ್ಮಾನ ಎಂದಿನಂತೆ ಮೇಷ್ಟ್ರದೇ.

ಚಿಕ್ಕ ಮಕ್ಕಳಿಗೆ ಸರ್ಕಾರದ ಮೂರು ಅಂಗಗಳನ್ನು ಹೇಗೆ ಕಲಿಸಬೇಕು ಎಂಬ ಚರ್ಚೆ ಎದ್ದಾಗಲೆಲ್ಲ ಅದು ಎರಡು ತುದಿಗಳ ನಡುವೆ ಜೀಕುತ್ತದೆ. ಇದು ದೊಡ್ಡವರ ವಿಷಯ, ಹೈಸ್ಕೂಲಿಗೆ ಬಂದ ಮೇಲೆ ನೋಡಿಕೊಳ್ಳೋಣ ಎನ್ನುವವರು ಒಂದು ಕಡೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಹೆಸರುಗಳನ್ನು ಮೂರನೆಯ ತರಗತಿಯಲ್ಲೇ ಬಾಯಿಪಾಠ ಮಾಡಿಸಿ ರಸಪ್ರಶ್ನೆಗೆ ತಯಾರು ಮಾಡುವವರು ಇನ್ನೊಂದು ಕಡೆ. ಇಬ್ಬರ ಕಣ್ಣಿಗೂ ಬೀಳದ ಸಂಗತಿಯೆಂದರೆ, ಮಕ್ಕಳು ಸರ್ಕಾರದ ಬಗ್ಗೆ ಏನೂ ಕಲಿಯದೆ ಕಾಯುತ್ತ ಕೂತಿಲ್ಲ. ಶಾಲೆ, ಮನೆ, ಟಿವಿ, ಬಸ್ ನಿಲ್ದಾಣದ ಫಲಕ ಸೇರಿ ಅವರಿಗೆ ಒಂದು ಅಂಗವನ್ನು ಚೆನ್ನಾಗಿಯೇ ಕಲಿಸಿವೆ. ಅದು ಕಾರ್ಯಾಂಗ. ಕೊಡುವವರು, ಕಟ್ಟಿಸುವವರು, ಆಜ್ಞೆ ಮಾಡುವವರು ಮಗುವಿಗೆ ಗೊತ್ತು. ನಿಯಮ ಎಲ್ಲಿ ಹುಟ್ಟುತ್ತದೆ, ತಪ್ಪಾದರೆ ಎಲ್ಲಿ ಕೇಳಬೇಕು ಎಂಬೆರಡು ಮಾತ್ರ ಗೊತ್ತಿಲ್ಲ. ರಾಜ್ಯ ಪಠ್ಯಕ್ರಮದಲ್ಲಿ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ನ್ಯಾಯಾಂಗ ವ್ಯವಸ್ಥೆ ಎಂಬ ತುಂಬು ಪಾಠಗಳು ಒಂಬತ್ತನೆಯ ತರಗತಿಗೆ ಬರುತ್ತವೆ. ಅಷ್ಟರಲ್ಲಿ ಮಗುವಿಗೆ ಹದಿನಾಲ್ಕು ತುಂಬಿ, ಸರ್ಕಾರವೆಂದರೆ ಯಾರೋ ಒಬ್ಬ ದೊಡ್ಡ ಮನುಷ್ಯ ಎಂಬ ಕಲ್ಪನೆ ಗಟ್ಟಿಯಾಗಿರುತ್ತದೆ.

ಈ ಕಲ್ಪನೆ ನಮ್ಮ ಮಕ್ಕಳದಷ್ಟೇ ಅಲ್ಲ. 1950–60ರ ದಶಕಗಳಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರು ಮಕ್ಕಳ ರಾಜಕೀಯ ತಿಳಿವಳಿಕೆಯನ್ನು ಹಿಂದೆಂದೂ ಇಲ್ಲದಷ್ಟು ವಿವರವಾಗಿ ಅಳೆದರು. ನ್ಯೂ ಹೇವನ್ ನಗರದ ನಾಲ್ಕರಿಂದ ಎಂಟನೆಯ ತರಗತಿಯ ಮಕ್ಕಳನ್ನು ಮಾತಾಡಿಸಿದ ಫ್ರೆಡ್ ಗ್ರೀನ್‌ಸ್ಟೈನ್ ಅವರ ಪುಸ್ತಕ 1965ರಲ್ಲಿ ಬಂತು. ಅಧ್ಯಕ್ಷ, ಮೇಯರ್ ಏನು ಮಾಡುತ್ತಾರೆಂದು ಹೇಳಬಲ್ಲ ಮಕ್ಕಳಿಗೆ ಶಾಸನಸಭೆ ಏನು ಮಾಡುತ್ತದೆಂಬುದು ಬಹಳ ತಡವಾಗಿ ತಿಳಿಯುತ್ತದೆ, ಮೊದಮೊದಲು ಅವರು ಶಾಸಕರನ್ನು ಅಧ್ಯಕ್ಷನ ಸಹಾಯಕರೆಂದೇ ಎಣಿಸುತ್ತಾರೆ ಎಂದು ಅವರು ಕಂಡುಕೊಂಡರು. ಎಂಟು ನಗರಗಳ ಸುಮಾರು 12,000 ಮಕ್ಕಳ ಮೇಲೆ ನಡೆದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಹಲವು ಚಿತ್ರಗಳನ್ನು ಮುಂದಿಟ್ಟು ಇವುಗಳಲ್ಲಿ ಸರ್ಕಾರವನ್ನು ಚೆನ್ನಾಗಿ ತೋರಿಸುವುದು ಯಾವುದು ಎಂದು ಕೇಳಿದರು. ಪುಟ್ಟವರು ಜಾರ್ಜ್ ವಾಷಿಂಗ್ಟನ್ ಮತ್ತು ಅಂದಿನ ಅಧ್ಯಕ್ಷರ ಚಿತ್ರಗಳತ್ತ ಬೆರಳು ಮಾಡಿದರೆ, ಎಂಟನೆಯ ತರಗತಿಯವರು ಕಾಂಗ್ರೆಸ್ ಮತ್ತು ಮತದಾನದ ಚಿತ್ರಗಳನ್ನು ಆರಿಸಿದರು. 1966ರಲ್ಲಿ ಅಡೆಲ್ಸನ್ ಮತ್ತು ಒನೀಲ್ ಎಂಬಿಬ್ಬರು, ಸಾವಿರ ಜನ ಒಂದು ದ್ವೀಪಕ್ಕೆ ಹೋಗಿ ಹೊಸದಾಗಿ ಸರ್ಕಾರ ಕಟ್ಟಿಕೊಳ್ಳಬೇಕಾದರೆ ಏನೇನು ಬೇಕಾದೀತು ಎಂದು 11ರಿಂದ 18 ವಯಸ್ಸಿನವರನ್ನು ಕೇಳಿದರು. ಹನ್ನೊಂದರವರ ಉತ್ತರದಲ್ಲಿ ವ್ಯಕ್ತಿಗಳಿದ್ದರು, ಸಮುದಾಯವೆಂಬುದು ಇರಲಿಲ್ಲ.

ಮೊದಲ ತುದಿಯವರು ಇದನ್ನೇ ಹಿಡಿದು, ನೋಡಿ, ಹನ್ನೆರಡು ದಾಟುವವರೆಗೆ ಈ ವಿಷಯ ಮಕ್ಕಳ ತಲೆಗೆ ಹತ್ತುವುದಿಲ್ಲ ಎನ್ನುತ್ತಾರೆ. ಅಧ್ಯಯನಗಳು ಹೇಳಿದ್ದು ಅದಲ್ಲ. ಯಾರೂ ಕಲಿಸದಿದ್ದಾಗ ಮಕ್ಕಳು ಏನು ಅಂದುಕೊಂಡಿರುತ್ತಾರೆ ಎಂಬುದನ್ನಷ್ಟೇ ಅವು ಅಳೆದವು. ಕಲಿಸಿದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಇಟಲಿಯ ಮನಶ್ಶಾಸ್ತ್ರಜ್ಞೆ ಅನ್ನಾ ಎಮಿಲಿಯಾ ಬೆರ್ತಿ ಸಹೋದ್ಯೋಗಿಯೊಬ್ಬರೊಡನೆ ಮೂರನೆಯ ತರಗತಿಯ ಮಕ್ಕಳಿಗೆ ಕಾನೂನು, ದೇಶ, ಸರ್ಕಾರ ಎಂಬ ಕಲ್ಪನೆಗಳನ್ನು ಕ್ರಮವಾಗಿ ಪಾಠ ಮಾಡಿ, ಮೊದಲು ಮತ್ತು ನಂತರ ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂಟೊಂಬತ್ತು ವರ್ಷದ ಆ ಮಕ್ಕಳಲ್ಲಿ ತಿಳಿವಳಿಕೆ ಗಣನೀಯವಾಗಿ ಬದಲಾಗಿತ್ತು, ತಿಂಗಳುಗಳು ಕಳೆದ ಮೇಲೂ ಉಳಿದಿತ್ತು. ಮನಶ್ಶಾಸ್ತ್ರಜ್ಞ ಪಿಯಾಜೆ 1932ರಷ್ಟು ಹಿಂದೆಯೇ ಗೋಲಿಯಾಟದ ನಿಯಮಗಳ ಬಗ್ಗೆ ಸ್ವಿಸ್ ಮಕ್ಕಳನ್ನು ಕೇಳಿ ಬರೆದದ್ದೂ ಇಲ್ಲಿಗೆ ಹೊಂದುತ್ತದೆ. ಪುಟ್ಟ ಮಗುವಿಗೆ ಆಟದ ನಿಯಮ ದೇವರೋ ಅಪ್ಪನೋ ಮಾಡಿಟ್ಟದ್ದು, ಬದಲಿಸಬಾರದ್ದು. ಹತ್ತು ದಾಟುವ ಹೊತ್ತಿಗೆ, ಎಲ್ಲರೂ ಒಪ್ಪಿದರೆ ನಿಯಮ ಬದಲಿಸಬಹುದು ಎಂಬ ಅರಿವು ಮೂಡುತ್ತದೆ. ಆ ಅರಿವು ಬರುವುದು ಪುಸ್ತಕದಿಂದಲ್ಲ, ಓರಗೆಯವರೊಡನೆ ಆಡಿ ಜಗಳವಾಡಿ. ಅಂದರೆ ಶಾಸಕಾಂಗದ ಬೀಜ ನಾಲ್ಕೈದನೆಯ ತರಗತಿಯ ಮಗುವಿನ ಕೈಯಲ್ಲಿ ಆಗಲೇ ಇದೆ. ಶಾಲೆ ಅದನ್ನು ಗಮನಿಸಿಲ್ಲ, ಅಷ್ಟೆ.

ಗಮನಿಸಿದರೂ ಕಲಿಸುವುದು ಏನನ್ನು ಎಂಬಲ್ಲಿ ಇನ್ನೊಂದು ತೊಡಕಿದೆ. ಮೂರು ಅಂಗಗಳ ಪಾಠವೆಂದರೆ ಮೂರು ಚೌಕಗಳ ಒಂದು ಚಿತ್ರ: ಇವರು ಕಾನೂನು ಮಾಡುತ್ತಾರೆ, ಇವರು ಜಾರಿಗೆ ತರುತ್ತಾರೆ, ಇವರು ವ್ಯಾಖ್ಯಾನಿಸುತ್ತಾರೆ. ಚೌಕಗಳ ನಡುವೆ ದಪ್ಪ ಗೆರೆ. ಈ ಚಿತ್ರ ಅಮೆರಿಕಕ್ಕೆ ಹೆಚ್ಚುಕಡಿಮೆ ಒಪ್ಪುತ್ತದೆ, ಅಲ್ಲಿ ಮಂತ್ರಿಯಾದವನು ಶಾಸನಸಭೆಯ ಸದಸ್ಯನಾಗಿರುವಂತಿಲ್ಲ. ನಮ್ಮಲ್ಲಿ ಸದಸ್ಯನಲ್ಲದವನು ಆರು ತಿಂಗಳಿಗಿಂತ ಹೆಚ್ಚು ಮಂತ್ರಿಯಾಗಿರುವಂತಿಲ್ಲ. ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಅವರು ಮೂರೂ ಅಂಗಗಳನ್ನು ಪೂರ್ತಿ ಬೇರ್ಪಡಿಸಬೇಕೆಂದು ತಂದ ತಿದ್ದುಪಡಿಯನ್ನು 1948ರ ಡಿಸೆಂಬರಿನಲ್ಲಿ ಸಭೆ ತಳ್ಳಿಹಾಕಿತು. ಅದಕ್ಕೆ ತಿಂಗಳ ಮುಂಚೆ ಕರಡನ್ನು ಮಂಡಿಸುತ್ತ ಅಂಬೇಡ್ಕರ್ ಕಾರಣ ಕೊಟ್ಟಿದ್ದರು: ಸರ್ಕಾರ ಗಟ್ಟಿಯಾಗಿರುವುದಕ್ಕಿಂತ ಅದು ದಿನದಿನವೂ ಸದನಕ್ಕೆ ಉತ್ತರ ಕೊಡುವಂತಿರುವುದು ಮೇಲು. ನಮ್ಮ ವ್ಯವಸ್ಥೆಯ ಜೀವಾಳವಿರುವುದು ಆ ಉತ್ತರ ಕೊಡುವ ಹೊಣೆಯಲ್ಲಿ. ಮೂರು ಚೌಕಗಳ ಚಿತ್ರದಲ್ಲಿ ಅದೇ ಕಾಣೆಯಾಗಿದೆ.

ಬೆಂಗಳೂರಿನ ಡಾ. ಅಂಬೇಡ್ಕರ್ ಬೀದಿಯಲ್ಲಿ ನಿಂತರೆ ಪಠ್ಯಪುಸ್ತಕಕ್ಕಿಂತ ಒಳ್ಳೆಯ ಚಿತ್ರ ಸಿಗುತ್ತದೆ. ಒಂದು ಕಡೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಕಟ್ಟಿದ ಬಿಳಿಗಲ್ಲಿನ ವಿಧಾನಸೌಧ, ಎದುರಿಗೆ ಕೆಂಪು ಬಣ್ಣದ ಅಠಾರ ಕಚೇರಿ, ಅಂದರೆ ಹೈಕೋರ್ಟು. ವಿಧಾನಸೌಧದ ಒಳಗೆ ವಿಧಾನಸಭೆ, ವಿಧಾನ ಪರಿಷತ್ತುಗಳ ಸಭಾಂಗಣಗಳಿವೆ. ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಮುಖ್ಯಮಂತ್ರಿಯ ಕಚೇರಿ, ಸಚಿವ ಸಂಪುಟದ ಸಭೆ. ಶಾಸಕಾಂಗ, ಕಾರ್ಯಾಂಗಗಳಿಗೆ ಒಂದೇ ಸೂರು, ನ್ಯಾಯಾಂಗ ರಸ್ತೆಯಾಚೆ. ಸಂವಿಧಾನದ 50ನೆಯ ವಿಧಿ ಬೇರ್ಪಡಿಸಬೇಕೆಂದು ಒತ್ತಿ ಹೇಳಿರುವುದೂ ನ್ಯಾಯಾಂಗವನ್ನು ಕಾರ್ಯಾಂಗದಿಂದಲೇ. ಪ್ರವಾಸಕ್ಕೆ ಬಂದ ಮಕ್ಕಳನ್ನು ವಿಧಾನಸೌಧದ ಮುಂದೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುವ ಶಿಕ್ಷಕರು ಅವರಿಗೆ ರಸ್ತೆಯಾಚೆಯ ಹೈಕೋರ್ಟನ್ನೂ ಒಮ್ಮೆ ತೋರಿಸಿದರೆ ಅರ್ಧ ಪಾಠ ಮುಗಿದಂತೆ. ಉಳಿದರ್ಧ ಲೆಕ್ಕದ ಪಾಠ. ವಿಧಾನಸಭೆಯ ಸದಸ್ಯರು 224. 2003ರ 91ನೆಯ ತಿದ್ದುಪಡಿಯ ಪ್ರಕಾರ ಮಂತ್ರಿಗಳ ಸಂಖ್ಯೆ, ಮುಖ್ಯಮಂತ್ರಿಯೂ ಸೇರಿ, ಅದರ ಶೇ. 15 ಮೀರುವಂತಿಲ್ಲ. ಐದನೆಯ ತರಗತಿಯ ಮಗು ಲೆಕ್ಕ ಹಾಕಿದರೆ 33.6 ಬರುತ್ತದೆ. ನಮ್ಮವರು 34 ಎಂದು ಹಿಡಿದಿದ್ದಾರೆ. ಮೀರುವಂತಿಲ್ಲ ಎಂದ ಮೇಲೆ ಹೀಗೆ ಮೇಲಕ್ಕೆ ಎಣಿಸಬಹುದೇ ಎಂದು ಜಾಣ ಮಗುವೊಂದು ಕೇಳಿದರೆ ಗಣಿತದ ಮೇಷ್ಟ್ರು ಎಚ್ಚರವಾಗಿರಬೇಕು. ಮಂತ್ರಿಗಳೆಲ್ಲ ವಿಧಾನಸಭೆಯವರೇ ಎಂದಿಟ್ಟುಕೊಂಡರೂ ಉಳಿಯುವವರು 190 ಮಂದಿ. ಅವರು ಏನು ಮಾಡುತ್ತಾರೆ? ಕಾನೂನಿಗೆ ಒಪ್ಪಿಗೆ ಕೊಡುತ್ತಾರೆ ಇಲ್ಲವೇ ವಿರೋಧಿಸುತ್ತಾರೆ, ಹಣ ಎಲ್ಲಿ ಹೋಯಿತೆಂದು ಕೇಳುತ್ತಾರೆ, ಮಂತ್ರಿಯನ್ನು ಎಬ್ಬಿಸಿ ನಿಲ್ಲಿಸಿ ಉತ್ತರ ಪಡೆಯುತ್ತಾರೆ. ನಮ್ಮ ಶಾಲಾ ಸಂಸತ್ತುಗಳಲ್ಲಿ ಇಲ್ಲದಿರುವವರು ಈ 190 ಮಂದಿಯೇ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಮಗುವಿನ ತಟ್ಟೆಯಿಂದ ಮಾಡಬಹುದು. ಸರ್ಕಾರಿ ಶಾಲೆಯ ಮಗು ಮಧ್ಯಾಹ್ನ ಉಣ್ಣುವ ಅನ್ನ ಸಾರಿನ ಹಿಂದೆ ಮೂರೂ ಅಂಗಗಳ ಕೈಯಿದೆ, ಅದೂ ಪಠ್ಯಪುಸ್ತಕ ಹೇಳುವ ಕ್ರಮವನ್ನು ತಲೆಕೆಳಗು ಮಾಡಿ. 1995ರಲ್ಲಿ ಕೇಂದ್ರ ಸರ್ಕಾರ ಶಾಲಾ ಮಕ್ಕಳ ಆಹಾರದ ಕಾರ್ಯಕ್ರಮವನ್ನು ಆರಂಭಿಸಿತು. ಆದರೆ ಹಲವು ರಾಜ್ಯಗಳು ಬೇಯಿಸಿದ ಊಟದ ಬದಲು ತಿಂಗಳಿಗಿಷ್ಟು ಕೆ.ಜಿ. ಧಾನ್ಯ ಹಂಚಿ ಸುಮ್ಮನಾದವು. 2001ರಲ್ಲಿ ಆಹಾರ ನಿಗಮದ ಗೋದಾಮುಗಳು ತುಂಬಿ ತುಳುಕುತ್ತಿದ್ದಾಗ ಬರಪೀಡಿತ ಹಳ್ಳಿಗಳಲ್ಲಿ ಜನ ಹಸಿದಿದ್ದರು. ನಾಗರಿಕ ಸ್ವಾತಂತ್ರ್ಯಕ್ಕಾಗಿ ದುಡಿಯುವ ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ನವೆಂಬರ್ 28ರಂದು ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟ ಕೊಡಿ, ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಇರಲಿ. ಆಮೇಲೆ ಕಾರ್ಯಾಂಗದ ಸರದಿ. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಭಾಗದ ಹಿಂದುಳಿದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದೆಡೆಗೆ ಹಬ್ಬಿತು. ಅಡುಗೆ ಕೋಣೆ, ಸಿಲಿಂಡರು, ಅಡುಗೆಯವರ ನೇಮಕ, ಬೇಳೆಯ ಟೆಂಡರು, ಎಲ್ಲವೂ ಕಾರ್ಯಾಂಗದ ಕೆಲಸ. 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿದ್ದು, ಆಮೇಲೆ ಮೊಟ್ಟೆ ಬಂದದ್ದು ಕೂಡ ಸರ್ಕಾರದ ತೀರ್ಮಾನಗಳಿಂದ. ಶಾಸಕಾಂಗ ಬಂದದ್ದು ಕೊನೆಗೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೆಯ ಸೆಕ್ಷನ್ನಿನಲ್ಲಿ ಸಂಸತ್ತು ಈ ಊಟವನ್ನು ಹಕ್ಕನ್ನಾಗಿ ಬರೆಯಿತು. ಕಿರಿಯ ಪ್ರಾಥಮಿಕದವರಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಹಿರಿಯ ಪ್ರಾಥಮಿಕದವರಿಗೆ 700 ಕ್ಯಾಲೊರಿ, 20 ಗ್ರಾಂ ಎಂಬ ಅಳತೆಯೂ 2013ರ ಆ ಕಾಯ್ದೆಯ ಅನುಸೂಚಿಯಲ್ಲೇ ಇತ್ತು.

ಈ ಕಥೆಯನ್ನು ಹತ್ತು ವರ್ಷದ ಮಗುವಿಗೆ ಹೇಳಲು ಒಂದು ತರಗತಿಯ ಅವಧಿ ಸಾಕು. ಅದರಿಂದ ಮಗುವಿಗೆ ದಕ್ಕುವುದು ಮೂರು ಹೆಸರುಗಳಿಗಿಂತ ಹೆಚ್ಚಿನದು. ಹಾಲು ಬಂದದ್ದು ಸರ್ಕಾರದ ಆದೇಶದಿಂದ, ಆದೇಶದಿಂದಲೇ ನಿಲ್ಲಲೂಬಹುದು. ಊಟ ಮಾತ್ರ ಕಾಯ್ದೆಯಲ್ಲಿರುವುದರಿಂದ ಯಾವ ಮಂತ್ರಿಯೂ ತನ್ನಷ್ಟಕ್ಕೆ ನಿಲ್ಲಿಸುವಂತಿಲ್ಲ. ಕೊಟ್ಟದ್ದಕ್ಕೂ ಕೊಡಲೇಬೇಕಾದದ್ದಕ್ಕೂ ಇರುವ ಈ ಅಂತರ ಗೊತ್ತಾದ ಮಗು ಊಟಕ್ಕೆ ಯಾರಿಗೂ ಕೃತಜ್ಞತೆಯಿಂದ ಕೈ ಮುಗಿಯಬೇಕಾಗಿಲ್ಲ, ಅಡುಗೆಯಮ್ಮನನ್ನು ಬಿಟ್ಟು. ಶಾಲೆಗೆ ಬರುವ ಹಕ್ಕಿನ ಕಥೆಯೂ ಹೀಗೆಯೇ ಸಾಗುತ್ತದೆ, ಅದರ ಮೊದಲ ಅಧ್ಯಾಯ ಕರ್ನಾಟಕದ್ದೇ. ತುಮಕೂರಿನ ವೈದ್ಯಕೀಯ ಕಾಲೇಜೊಂದರ ದುಬಾರಿ ಶುಲ್ಕವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು ಶಿಕ್ಷಣ ಮೂಲಭೂತ ಹಕ್ಕು ಎಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಅದನ್ನು 14 ವರ್ಷದವರೆಗೆ ಎಂದು ಮಿತಿಗೊಳಿಸಿತು. 2002ರಲ್ಲಿ ಸಂಸತ್ತು 21ಎ ವಿಧಿಯನ್ನು ಸೇರಿಸಿ, 2009ರಲ್ಲಿ ಕಾಯ್ದೆ ಮಾಡಿತು.

ಮಕ್ಕಳು ತಾವೇ ಮೂರು ಅಂಗಗಳ ನಡುವೆ ಸಿಕ್ಕಿಕೊಂಡ ಪ್ರಸಂಗವೂ ಹಳೆಯದೇನಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಪಠ್ಯಕ್ರಮದ 5, 8 ಮತ್ತು 9ನೆಯ ತರಗತಿಗಳಿಗೆ ಮಂಡಳಿಯ ಮಟ್ಟದ ಪರೀಕ್ಷೆ ಮಾಡಲು ಸರ್ಕಾರ ಹೊರಡಿಸಿದ್ದ ಅಧಿಸೂಚನೆಯನ್ನು ಹೈಕೋರ್ಟಿನ ಏಕಸದಸ್ಯ ಪೀಠ ರದ್ದುಪಡಿಸಿತು. ಮಾರನೆಯ ದಿನವೇ ವಿಭಾಗೀಯ ಪೀಠ ಪರೀಕ್ಷೆಗೆ ದಾರಿ ಬಿಟ್ಟಿತು. 11ರಂದು ಪರೀಕ್ಷೆ ಶುರುವಾಯಿತು, 12ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿದ್ದರಿಂದ ಅರ್ಧಕ್ಕೆ ನಿಂತಿತು. ವಿಭಾಗೀಯ ಪೀಠ ಮತ್ತೆ ಒಪ್ಪಿದ ಮೇಲೆ 25ರಿಂದ ಮುಂದುವರಿಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಕೊಟ್ಟಿತು. ವಾದದ ಒಂದು ಮುಖ್ಯ ಎಳೆ ಹೀಗಿತ್ತು: 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ಇಂಥದ್ದನ್ನು ನಿಯಮವಾಗಿ ರೂಪಿಸಿ, ಆಕ್ಷೇಪಣೆ ಕರೆದು, ಶಾಸನಸಭೆಯ ಮುಂದಿಡಬೇಕು, ಬರೀ ಅಧಿಸೂಚನೆ ಸಾಲದು. ಕಾರ್ಯಾಂಗ ಶಾಸಕಾಂಗವನ್ನು ದಾಟಿ ಹೋಯಿತೇ ಎಂದು ನ್ಯಾಯಾಂಗ ಕೇಳಿತು ಎಂಬುದಕ್ಕಿಂತ ಸ್ಪಷ್ಟವಾದ ಪಾಠವನ್ನು ಯಾವ ಪಠ್ಯಪುಸ್ತಕ ಸಮಿತಿಯೂ ಕೂತು ಹೆಣೆಯಲಾರದು. ಆ ಮಕ್ಕಳ ಓದು, ನಿದ್ದೆ, ರಜೆ ಎಲ್ಲ ಏರುಪೇರಾದವು. ಯಾಕೆ ಹೀಗಾಯಿತೆಂದು ಅವರನ್ನು ಕೂರಿಸಿಕೊಂಡು ಹೇಳಿದ ತರಗತಿಗಳು ಎಷ್ಟಿರಬಹುದು?

ನ್ಯಾಯಾಂಗದ ಮಾತು ಬಂದಾಗ ಚಿಕ್ಕ ಮಕ್ಕಳಲ್ಲಿ ಬೇರೂರಿರುವ ಒಂದು ಗೊಂದಲವನ್ನು ಮೊದಲು ಬಿಡಿಸಬೇಕು. ತುಂಟತನ ಮಾಡಿದರೆ ಪೊಲೀಸ್ ಹಿಡಿದುಕೊಂಡು ಹೋಗುತ್ತಾನೆ ಎಂಬ ಬೆದರಿಕೆ ಕೇಳಿ ಬೆಳೆದ ಮಗುವಿಗೆ ಹಿಡಿಯುವವನೂ ಶಿಕ್ಷಿಸುವವನೂ ಒಬ್ಬನೇ. ಸಿನಿಮಾಗಳು ಅದನ್ನೇ ಗಟ್ಟಿ ಮಾಡುತ್ತವೆ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು ಎಂಬ 22ನೆಯ ವಿಧಿ ಇದಕ್ಕೆ ಮದ್ದು. ಹಿಡಿಯುವವರು ಬೇರೆ, ಹಿಡಿದದ್ದು ಸರಿಯೇ ಎಂದು ಕೇಳುವವರು ಬೇರೆ ಎಂಬುದು ಏಳು ವರ್ಷದ ಮಗುವಿಗೂ ತಿಳಿಯುತ್ತದೆ. ತಮ್ಮನ ಮೇಲೆ ದೂರು ಹೇಳಿದವನೇ ತಮ್ಮನಿಗೆ ಶಿಕ್ಷೆಯನ್ನೂ ಗೊತ್ತು ಮಾಡಿದರೆ ಅನ್ಯಾಯ ಎಂಬುದು ಎಲ್ಲ ಮನೆಗಳ ಮಕ್ಕಳಿಗೂ ಗೊತ್ತಿರುವ ಕಾನೂನೇ. ಅಂಚೆ ಕಚೇರಿ, ಬ್ಯಾಂಕು, ಪೊಲೀಸ್ ಠಾಣೆಗಳಿಗೆ ಮಕ್ಕಳನ್ನು ಕರೆದೊಯ್ಯುವ ಶಾಲೆಗಳು ತಾಲ್ಲೂಕು ನ್ಯಾಯಾಲಯಕ್ಕೆ ಕರೆದೊಯ್ಯುವುದು ಅಪರೂಪ. ಕೋರ್ಟು ಮೆಟ್ಟಿಲು ಹತ್ತುವುದನ್ನು ಅಪಶಕುನವೆಂದು ಬಗೆಯುವ ಸಮಾಜದಲ್ಲಿ ಅದು ಆಶ್ಚರ್ಯವಲ್ಲ.

ಇದಕ್ಕೆಲ್ಲ ಬರುವ ಆಕ್ಷೇಪಣೆಗಳಲ್ಲಿ ಬಹಳ ಗಟ್ಟಿಯಾದದ್ದು ರಾಜಕೀಯದ ಭಯ. ತರಗತಿಯಲ್ಲಿ ಪರೀಕ್ಷೆಯ ಪ್ರಕರಣವನ್ನು ಚರ್ಚಿಸಿದರೆ ಶಿಕ್ಷಕ ಸರ್ಕಾರವನ್ನು ಟೀಕಿಸಿದ ಎಂದಾಗುತ್ತದೆ. ಅವನೇ ಸರ್ಕಾರಿ ನೌಕರ, ನಡತೆ ನಿಯಮಗಳಿಗೆ ಒಳಪಟ್ಟವನು. ಭಯ ಸುಳ್ಳಲ್ಲ. ಆದರೆ ಯಾವ ಪಕ್ಷ ಸರಿ ಎಂಬ ಚರ್ಚೆಗೂ ಯಾವ ಅಧಿಕಾರ ಯಾರದು ಎಂಬ ಚರ್ಚೆಗೂ ನಡುವೆ ಗೆರೆ ಎಳೆಯಬಹುದು. ನ್ಯಾಯಾಲಯದ ಆದೇಶದಲ್ಲಿರುವುದನ್ನು ಓದಿ ಹೇಳುವುದು ಟೀಕೆಯಾಗುವುದಿಲ್ಲ. ಆಳುವವರ ಹೆಸರಿಲ್ಲದೆಯೇ ಊಟದ ಕಥೆ ಪೂರ್ತಿ ಹೇಳಬಹುದು ಎಂಬುದನ್ನೂ ಗಮನಿಸಬೇಕು, ಏಕೆಂದರೆ ಆ ವರ್ಷಗಳಲ್ಲಿ ದೆಹಲಿಯಲ್ಲೂ ಬೆಂಗಳೂರಿನಲ್ಲೂ ಪಕ್ಷಗಳು ಬದಲಾಗುತ್ತಲೇ ಇದ್ದವು. ಇನ್ನು ಸುಮ್ಮನಿದ್ದರೆ ರಾಜಕೀಯ ತರಗತಿಯ ಹೊರಗೇ ಉಳಿಯುತ್ತದೆ ಎಂಬುದು ಭ್ರಮೆ. ಶಾಲೆಯ ಕೊಠಡಿಗೆ ಶಂಕುಸ್ಥಾಪನೆ ಮಾಡಿದವರ ಹೆಸರುಗಳ ಕಲ್ಲು ಗೋಡೆಯಲ್ಲೇ ಇದೆ.

ಆ ಕಲ್ಲಿನಿಂದ ಏಳುವುದೇ ಎರಡನೆಯ ಆಕ್ಷೇಪಣೆ: ಪುಸ್ತಕ ಹೇಳುವುದೊಂದು, ಊರಿನಲ್ಲಿ ಕಾಣುವುದೊಂದು. ಶಾಸಕರು ಕಾನೂನು ಮಾಡುತ್ತಾರೆ ಎಂದು ಪಾಠ ಓದಿ ಹೊರಬಂದ ಮಗು ಬಸ್ ತಂಗುದಾಣದ ಮೇಲೆ ಶಾಸಕರ ಅನುದಾನದಲ್ಲಿ ನಿರ್ಮಿಸಲಾಗಿದೆ ಎಂದು ಓದುತ್ತದೆ. ಅದು ಸುಳ್ಳೂ ಅಲ್ಲ. ರಾಜ್ಯದ ಪ್ರತಿ ಶಾಸಕನ ಪ್ರದೇಶಾಭಿವೃದ್ಧಿಗೆ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದನಿಗೆ 5 ಕೋಟಿ ನಿಗದಿಯಾಗಿದೆ. ಸಂಸದರ ನಿಧಿ 1993ರಿಂದಲೇ ಇದೆ. ಕಾರ್ಯಾಂಗವನ್ನು ಪ್ರಶ್ನಿಸಬೇಕಾದವರನ್ನು ಕಾಮಗಾರಿ ಮಾಡಿಸುವವರನ್ನಾಗಿ ಮಾಡಿರುವ ಈ ವ್ಯವಸ್ಥೆ ಸರಿಯೇ ಎಂಬುದು ದೊಡ್ಡವರ ವಾದ, ನನ್ನ ಮಟ್ಟಿಗೆ ಅದು ಸರಿಯಲ್ಲ. ಮಕ್ಕಳ ಎದುರಿಗೆ ಮಾಡಬೇಕಾದದ್ದು ಆ ಫಲಕವನ್ನು ಮರೆಮಾಚದೆ ಪಾಠಕ್ಕೆ ತರುವುದು. ಹಣ ಯಾರದು, ಮಂಜೂರು ಮಾಡಿದವರು ಯಾರು, ಕಟ್ಟಿದವರು ಯಾರು, ಮಳೆಗೆ ಸೋರಿದರೆ ಯಾರನ್ನು ಕೇಳಬೇಕು ಎಂದು ಮಕ್ಕಳೇ ಬರೆದು ತರಲಿ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಏಕಲವ್ಯ ಸಂಸ್ಥೆ 1980ರ ದಶಕದಲ್ಲಿ ಸರ್ಕಾರಿ ಶಾಲೆಗಳಿಗೆಂದು ಬರೆದ ಸಮಾಜ ವಿಜ್ಞಾನ ಪುಸ್ತಕಗಳು ಇಂಥ ದಾರಿ ಹಿಡಿದಿದ್ದವು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಎನ್‌ಸಿಇಆರ್‌ಟಿ ಪೌರನೀತಿಯನ್ನು ಕೈಬಿಟ್ಟು ತಂದ ಸಾಮಾಜಿಕ ಮತ್ತು ರಾಜಕೀಯ ಜೀವನ ಪುಸ್ತಕಮಾಲೆಯಲ್ಲೂ ಅದರ ನೆರಳಿತ್ತು. ಆ ಮಾಲೆಯ ಏಳನೆಯ ತರಗತಿಯ ಪಾಠದಲ್ಲಿ ಶಾಸಕರು ಎದ್ದು ನಿಂತು ಊರಿನ ಆರೋಗ್ಯದ ದುರವಸ್ಥೆಯ ಬಗ್ಗೆ ಮಂತ್ರಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. 2024ರಲ್ಲಿ ಬಂದ ಆರನೆಯ ತರಗತಿಯ ಹೊಸ ಪುಸ್ತಕ ಮೂರು ಅಂಗಗಳನ್ನು ಇನ್ನೂ ಬೇಗ, ಸ್ಥಳೀಯ ಸರ್ಕಾರದ ಜೊತೆಗೇ ಪರಿಚಯಿಸುತ್ತದೆ. ದಿಕ್ಕು ಸರಿಯಾಗಿದೆ. ಆದರೆ ಪರೀಕ್ಷೆಯಲ್ಲಿ ಲೋಕಸಭೆಗೆ 25 ವರ್ಷ, ರಾಜ್ಯಸಭೆಗೆ 30 ವರ್ಷ ಎಂದು ಖಾಲಿ ಬಿಟ್ಟ ಸ್ಥಳ ತುಂಬಿಸುವುದೇ ಮುಂದುವರಿದರೆ ಯಾವ ಪುಸ್ತಕವೂ ಏನೂ ಮಾಡಲಾರದು.

ಮಕ್ಕಳ ಕೈಗೆ ನಿಯಮ, ನ್ಯಾಯ ಎಲ್ಲ ಕೊಟ್ಟರೆ ಅವರು ಒಬ್ಬರನ್ನೊಬ್ಬರು ಗೋಳು ಹುಯ್ದುಕೊಳ್ಳುವುದಿಲ್ಲವೇ ಎಂಬ ಅಳುಕು ಇನ್ನೊಂದು. ಇದಕ್ಕೆ ಉತ್ತರ ನೂರು ವರ್ಷದ ಹಿಂದೆಯೇ ವಾರ್ಸಾದ ಅನಾಥಾಲಯವೊಂದರಲ್ಲಿ ಸಿಕ್ಕಿದೆ. ವೈದ್ಯರೂ ಲೇಖಕರೂ ಆಗಿದ್ದ ಯಾನುಷ್ ಕೋರ್ಚಾಕ್ ಅಲ್ಲಿ ಮಕ್ಕಳದೇ ನ್ಯಾಯಾಲಯ ನಡೆಸಿದರು. ನ್ಯಾಯಾಧೀಶರು ಮಕ್ಕಳೇ. ಅವರು ತೀರ್ಪು ಕೊಡಬೇಕಾದ ಸಂಹಿತೆಯಲ್ಲಿ ಬಹುಪಾಲು ಕಲಮುಗಳು ಕ್ಷಮಿಸುವ ಬಗೆಗಳು: ಗೊತ್ತಿಲ್ಲದೆ ಮಾಡಿದ, ಪಶ್ಚಾತ್ತಾಪ ಪಟ್ಟಿದ್ದಾನೆ, ಇನ್ನೊಮ್ಮೆ ಮಾಡಲಾರ ಎಂಬಂಥವು. ದೊಡ್ಡವರ ಮೇಲೂ ದೂರು ಕೊಡಬಹುದಿತ್ತು, ಸ್ವತಃ ಕೋರ್ಚಾಕ್ ಕಟಕಟೆ ಹತ್ತಿದ್ದುಂಟು. ಪ್ರಯೋಗ ಸಾಧ್ಯವಾದದ್ದಕ್ಕೆ ಆ ಕೊನೆಯ ಅಂಶವೇ ಕಾರಣ ಎಂದು ನನಗನ್ನಿಸುತ್ತದೆ. ತಾನು ಉತ್ತರ ಕೊಡಬೇಕಾಗಿಲ್ಲದ ಶಾಲೆಯೊಂದು ಉತ್ತರದಾಯಿತ್ವವನ್ನು ಕಲಿಸುವುದು ಕಷ್ಟ. ನಮ್ಮ ಶಾಲೆಗಳಲ್ಲಿ ನ್ಯಾಯಾಲಯ ಬೇಡ, ಅಷ್ಟು ದೂರ ಹೋಗುವುದು ಬೇಡ ಎನ್ನುವವರ ಮಾತು ಒಪ್ಪೋಣ. ಆಟದ ಮೈದಾನ, ಗ್ರಂಥಾಲಯದ ಪುಸ್ತಕ, ಕೈತೋಟ ಇಂಥ ಎರಡು ಮೂರು ವಿಷಯಗಳಲ್ಲಿ ಮಕ್ಕಳೇ ನಿಯಮ ಮಾಡಿ, ತಿಂಗಳಿಗೊಮ್ಮೆ ಆಯಾ ಮಂತ್ರಿಯನ್ನು ಉಳಿದವರು ಪ್ರಶ್ನಿಸಿ, ತಕರಾರಿದ್ದರೆ ಮಂತ್ರಿಯಲ್ಲದ ಮೂವರ ಮುಂದಿಡುವುದಕ್ಕೆ ಹಣವೂ ಬೇಡ, ಆದೇಶವೂ ಬೇಡ. ಸಮಯ ಬೇಕು ಎನ್ನಬಹುದು. ಮತಯಂತ್ರದ ಆ್ಯಪಿಗೂ ಪ್ರಮಾಣವಚನಕ್ಕೂ ಸಿಗುವ ಸಮಯದ ಅರ್ಧ ಸಾಕು. 2023ರಿಂದ ಶಾಲೆಗಳಲ್ಲಿ ಸಂವಿಧಾನ ಪೀಠಿಕೆಯ ಓದು ಬಂದಿದೆ, ಒಳ್ಳೆಯದೇ. ಆದರೆ ಅದು ಪ್ರಾರ್ಥನೆಯ ಇನ್ನೊಂದು ಸಾಲಾಗಿ ಮುಗಿದುಹೋಗುವ ಅಪಾಯ ಇದ್ದೇ ಇದೆ.

ಕರ್ನಾಟಕದ ಕೈಯಲ್ಲಿ ಇನ್ನೊಂದು ಸಾಧನ ಈಗಾಗಲೇ ಇದೆ. ಕುಂದಾಪುರದ ಸುತ್ತಮುತ್ತ 1990ರ ದಶಕದಲ್ಲಿ ದುಡಿಯುವ ಮಕ್ಕಳ ಸಂಘಟನೆಯಿಂದ ಹುಟ್ಟಿದ ಮಕ್ಕಳ ಪಂಚಾಯಿತಿಗಳ ಅನುಭವವನ್ನು ಆಧರಿಸಿ ರಾಜ್ಯ ಸರ್ಕಾರ 2006ರ ಹೊತ್ತಿಗೆ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಸಲು ಸೂಚಿಸಿತು. ಇದು ನಾಟಕದ ಸಂಸತ್ತಲ್ಲ, ಎದುರಿಗೆ ಕೂತವರು ನಿಜವಾದ ಅಧ್ಯಕ್ಷರು, ನಿಜವಾದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಶೌಚಾಲಯಕ್ಕೆ ನೀರಿಲ್ಲ, ಶಾಲೆಯ ದಾರಿಯಲ್ಲಿ ಹಳ್ಳಕ್ಕೆ ಕಾಲುಸಂಕವಿಲ್ಲ, ಬಸ್ಸು ಹೊತ್ತಿಗೆ ಬರುವುದಿಲ್ಲ ಎಂದು ಮಕ್ಕಳು ಮೈಕ್ ಹಿಡಿದು ಹೇಳುತ್ತಾರೆ. ಅಧಿಕಾರಿಗಳು ಬರೆದುಕೊಳ್ಳುತ್ತಾರೆ, ಬಿಸ್ಕತ್ತು ಹಂಚುತ್ತಾರೆ, ಸಭೆ ಮುಗಿಯುತ್ತದೆ. ಕೇಳುವುದು ಶಾಸಕಾಂಗದ ಅರ್ಧ ಕೆಲಸ ಮಾತ್ರ. ಕೇಳಿದ್ದು ಏನಾಯಿತೆಂದು ಮತ್ತೆ ಕೇಳುವುದು ಉಳಿದರ್ಧ. ಆದ್ದರಿಂದ ಪಂಚಾಯಿತಿ ಸದಸ್ಯರಲ್ಲಿ, ಪಿಡಿಒಗಳಲ್ಲಿ, ಮಕ್ಕಳನ್ನು ಕರೆತರುವ ಶಿಕ್ಷಕರಲ್ಲಿ ಕೇಳಿಕೊಳ್ಳುವುದು ಇಷ್ಟೆ: ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಸ್ವಾಗತ ಭಾಷಣಕ್ಕೂ ಮುಂಚೆ ಹಿಂದಿನ ವರ್ಷದ ಬೇಡಿಕೆಗಳ ಪಟ್ಟಿಯನ್ನು ಓದಿಸಿ, ಒಂದೊಂದಕ್ಕೂ ಆಗಿದೆ, ಆಗಿಲ್ಲ, ಯಾಕೆ ಆಗಿಲ್ಲ ಎಂದು ಮಕ್ಕಳ ಮುಂದೆಯೇ ಉತ್ತರ ಕೊಡಿ.